ಐದನೇ ಟ್ಯಾಬ್ಲೆಟ್ಟಿನ ದನಿ

ಕೇಬಲ್ ಚುಚ್ಚಿದ ಕೂಡಲೇ ಟ್ಯಾಬ್ಲೆಟ್ ಒಮ್ಮೆ ಗುರ್ರೆಂದು ನಡುಗಿತು. ಅದರ ಜೊತೆ ಅವಳೂ ನಡುಗಿದಳು.

ಕಂಪ್ಯೂಟರಿನ ಪರದೆಯ ಮೇಲೆ ಟ್ಯಾಬ್ಲೆಟ್ಟಿನ ಹೆಸರು ಮೂಡಿತು. ಒತ್ತಿ ತೆರೆದಳು. ಒಳಗೆ ಏನೂ ಇಲ್ಲ. ಬರೀ ಬಿಳಿ.

“ಅಯ್ಯೋ, ಯಾರೋ ಎಲ್ಲಾ ಅಳಿಸಿಬಿಟ್ಟಿದ್ದಾರೆ!”

ಹಾಗೆಂದು ಬಾಯಿಬಿಟ್ಟವಳು ಮರುಗಳಿಗೆಯೇ ತನ್ನ ಹಣೆ ತಾನೇ ಬಡಿದುಕೊಂಡಳು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆಲ್ಲ ಆರು ವರ್ಷದಿಂದ ಪಾಠ ಹೇಳುತ್ತಿದ್ದವಳು ಇವಳೇ. ಕೇಬಲ್ ಚುಚ್ಚಿದರೆ ಟ್ಯಾಬ್ಲೆಟ್ ಸುಮ್ಮನೆ ಕರೆಂಟು ಕುಡಿಯುತ್ತಾ ಕೂರುತ್ತದೆ, ಫೈಲು ತೋರಿಸುವುದಿಲ್ಲ. ಮೇಲಿನಿಂದ ಬೆರಳು ಜಾರಿಸಿ, ‘ಚಾರ್ಜಿಂಗ್ ಮಾತ್ರ’ ಎಂದಿರುವ ಕಡೆ ‘ಫೈಲ್ ವರ್ಗಾವಣೆ’ ಎಂದು ಬದಲಿಸಬೇಕು. ಭಯ ಬಂದರೆ ಮನುಷ್ಯನಿಗೆ ತನ್ನ ಮನೆಯ ಬಾಗಿಲು ಎತ್ತ ತೆರೆಯುತ್ತದೆ ಎನ್ನುವುದೂ ಮರೆತುಹೋಗುತ್ತದೆ.

ಬೆರಳು ಜಾರಿಸಿದಳು. ಬೆವರಿಗೆ ಬೆರಳು ಒದ್ದೆಯಾಗಿತ್ತು, ಪರದೆ ಕೇಳಲಿಲ್ಲ. ಚೂಡಿದಾರದ ತುದಿಗೆ ಒರೆಸಿಕೊಂಡು ಮತ್ತೆ ಜಾರಿಸಿದಳು. ಈ ಸಲ ಫೋಲ್ಡರುಗಳು ಒಂದೊಂದಾಗಿ ಕಣ್ಣುಬಿಟ್ಟವು.

ಆಫೀಸಿನಲ್ಲಿ ಅವಳಿಗೆ ‘ಕತ್ತರಿ’ ಎಂದೇ ಹೆಸರು. ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಓದಿ ದನಿಮುದ್ರಿಸುವ ಶ್ರವ್ಯ ಗ್ರಂಥಾಲಯ ಅದು. ಓದುವವರು ಓದುತ್ತಾರೆ, ಅವರ ಕೆಮ್ಮು, ತಡವರಿಕೆ, ತಪ್ಪುಗಳನ್ನೆಲ್ಲ ಇವಳು ಕತ್ತರಿಸಿ ಎಸೆಯುತ್ತಾಳೆ. ಓದುವವರಲ್ಲಿ ಎಲ್ಲರಿಗಿಂತ ಚೆನ್ನಾಗಿ ಓದುತ್ತಿದ್ದವಳು ಅವಳ ಸ್ವಂತ ಅತ್ತಿಗೆ. ಆ ಅತ್ತಿಗೆ ಸೋಮವಾರ ಸಂಜೆ ಇದೇ ಕಟ್ಟಡದ ಮೆಟ್ಟಿಲ ಬುಡದಲ್ಲಿ ಹೆಣವಾಗಿ ಸಿಕ್ಕಿದ್ದಳು. ತಳ್ಳಿದವನು ಗಂಡ ಎಂದು ಪೊಲೀಸರು ಅಣ್ಣನನ್ನು ಎಳೆದೊಯ್ದು ಇವತ್ತಿಗೆ ಮೂರು ದಿನ. ನಾಲ್ಕು ಗಂಟೆಗೆ ಅವನನ್ನು ಮತ್ತೆ ನ್ಯಾಯಾಧೀಶರ ಮುಂದೆ ನಿಲ್ಲಿಸುತ್ತಾರೆ.

ಈಗ ಗಂಟೆ ಒಂದೂವರೆ. ಎಲ್ಲರೂ ಊಟಕ್ಕೆ ಕೆಳಗಿಳಿದಿದ್ದರು. ಕಿಟಕಿಯಾಚೆ ಬಸ್ಸು ನಿಲ್ಲುವ, ಹೊರಡುವ ಸದ್ದು ಬಿಟ್ಟರೆ ಮಹಡಿಯಲ್ಲಿ ಪಿಟ್ಟೆನ್ನುವ ಸದ್ದಿಲ್ಲ.

ಟ್ಯಾಬ್ಲೆಟ್ಟಿನ ಬೆನ್ನ ಮೇಲೆ ಐದು ಎಂದು ಬರೆದ ಚೀಟಿ. ಪೊಲೀಸರು ಆಫೀಸಿನ ಆರರಲ್ಲಿ ಕಪಾಟಿನಲ್ಲಿ ಉಳಿದವನ್ನು ಎಣಿಸಿ, ಇದೊಂದು ಕಾಣೆಯಾಗಿದೆ ಎಂದು ಬರೆದುಕೊಂಡು ಹೋಗಿದ್ದರು. ಅದು ಕಾಣೆಯಾಗಿರಲಿಲ್ಲ. ಓದುವ ಕೋಣೆಯ ಗೋಡೆಗೆ ಸದ್ದು ಒಳಬರದಂತೆ ಹೊಡೆದಿದ್ದ ಹಳೆಯ ಕೌದಿಗಳ ಹಿಂದೆ, ಎರಡು ಮೊಳೆಗಳ ನಡುವೆ ಅಡಗಿತ್ತು. ಅರ್ಧ ಗಂಟೆ ಹಿಂದೆ ಕೌದಿಯ ಉಬ್ಬು ಅವಳ ಮೊಣಕೈಗೆ ತಾಗಿತ್ತು. ಸತ್ತುಹೋಗಿದ್ದ ಬ್ಯಾಟರಿಗೆ ಅಲ್ಲಿಂದ ಈವರೆಗೆ ಚಾರ್ಜು ತುಂಬಿಸಿದ್ದಳು.

ಸೋಮವಾರದ ತಾರೀಖಿನಲ್ಲಿ ಎರಡೇ ಎರಡು ಫೈಲುಗಳು. ಮೊದಲನೆಯದು ಸರಿಯಾಗಿ ಒಂದು ಗಂಟೆ: ಮೂರರಿಂದ ನಾಲ್ಕರವರೆಗೆ. ಗಂಟೆ ತುಂಬಿದ ಕೂಡಲೇ ಆ್ಯಪು ಹಳೆಯ ಫೈಲನ್ನು ತಾನೇ ಮುಚ್ಚಿ ಹೊಸದನ್ನು ತೆರೆಯುತ್ತದೆ. ಎರಡನೆಯದು ಐವತ್ತೆರಡು ನಿಮಿಷ ಓಡಿ, ಬ್ಯಾಟರಿ ಸತ್ತು ನಿಂತಿತ್ತು.

ನಾಲ್ಕೂಕಾಲಿಗೆ ಬಿದ್ದ ಸದ್ದು ಕೇಳಿ ಓಡಿಬಂದು ಅತ್ತಿಗೆಯ ಹೆಣ ನೋಡಿದವನು ಕೆಳಮಹಡಿಯ ದರ್ಜಿ. ಅಂದರೆ ಅವಳು ಸತ್ತ ಗಳಿಗೆ ಎರಡನೇ ಫೈಲಿನಲ್ಲಿದೆ.

ಎರಡನ್ನೂ ಹಿಡಿದು ಎಳೆಯುವ ಮುನ್ನ ಅವಳ ಕೈ ತಡೆಯಿತು. ಕಟ್ ಅಲ್ಲ, ಕಾಪಿ. ಕಟ್ ಮಾಡಿ ನಡುವೆ ಕೇಬಲ್ ಕಳಚಿದರೆ ಅಲ್ಲೂ ಇಲ್ಲ, ಇಲ್ಲೂ ಇಲ್ಲ. ಕಾಪಿ ಒತ್ತಿದಳು. ಹಸಿರು ಪಟ್ಟಿ ಇರುವೆ ನಡಿಗೆಯಲ್ಲಿ ಹೊರಟಿತು. ನೂರಕ್ಕೆ ಆರು ಆಗುವಷ್ಟರಲ್ಲಿ ಟಣ್ ಎಂದು ನಿಂತುಹೋಯಿತು. ಕೇಬಲ್ಲಿನ ಮೂತಿ ಸಡಿಲ. ಯಾರೋ ಇನ್ಸುಲೇಷನ್ ಟೇಪು ಸುತ್ತಿ ದಿನ ದೂಡುತ್ತಿದ್ದ ಹಳೇ ಪೀಡೆ ಅದು. ಎಡಗೈ ಹೆಬ್ಬೆರಳಿನಿಂದ ಮೂತಿಯನ್ನು ಒಂದು ಪಕ್ಕಕ್ಕೆ ಒತ್ತಿ ಹಿಡಿದರಷ್ಟೇ ಸಂಪರ್ಕ. ಬೆರಳು ಒಂದು ಕೂದಲಷ್ಟು ಸಡಿಲಿಸಿದರೂ ಮೊದಲಿಂದ ಶುರು.

ಹೀಗಾಗಿ ಟ್ಯಾಬ್ಲೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು, ಹೆಬ್ಬೆರಳು ಒತ್ತಿ, ಉಸಿರೂ ಅಲುಗದಂತೆ ಕೂತಳು. ಒಂಬತ್ತು ನಿಮಿಷ. ಮೊದಲನೇ ಫೈಲು ಪೂರ್ತಿ ಬಂತು. ಎರಡನೆಯದು ಶುರುವಾಯಿತು. ಎಡಗೈ ಅಲ್ಲೇ ಇತ್ತು. ಬಲಗೈಯಿಂದ ಇಯರ್‌ಫೋನನ್ನು ಒಂದೇ ಕಿವಿಗೆ ಸಿಕ್ಕಿಸಿಕೊಂಡು ಮೊದಲನೆಯದನ್ನು ತೆರೆದಳು.

ದನಿಯ ಚಿತ್ರ ಪರದೆಯ ಉದ್ದಕ್ಕೂ ಹರಡಿತು, ಬಾಚಣಿಗೆ ಹಲ್ಲುಗಳ ಹಾಗೆ. ಅಲ್ಲಲ್ಲಿ ಒಂದೊಂದು ಗೆರೆ ಸೂಜಿಯಂತೆ ಎದ್ದು ನಿಂತಿತ್ತು. ಅವು ಚಪ್ಪಾಳೆಗಳು.

ಅತ್ತಿಗೆ ಓದುವಾಗ ಯಾವತ್ತೂ ರೆಕಾರ್ಡಿಂಗ್ ನಿಲ್ಲಿಸಿದವಳಲ್ಲ. ತಪ್ಪಿದರೆ ಒಂದು ಚಪ್ಪಾಳೆ ತಟ್ಟಿ ಆ ವಾಕ್ಯವನ್ನು ಮತ್ತೆ ಓದುವಳು. ನೀರು ಕುಡಿಯಲು, ಕೆಮ್ಮಲು ಎರಡು ಚಪ್ಪಾಳೆ. ಸೂಜಿ ಕಂಡಲ್ಲಿ ಕತ್ತರಿ ಆಡಿಸಿದರಾಯಿತು. ನಡುನಡುವೆ ನಾದಿನಿಗೆಂದೇ ಏನಾದರೂ ಅಂದು ಬಿಡುವಳು: “ಕತ್ತರಿ ರಾಣಿ, ಮೂಗು ತುರಿಸ್ತಿದೆ ಕಣಮ್ಮ, ಇದನ್ನೂ ಕತ್ತರಿಸು. ಮೂಗನ್ನಲ್ಲ.”

ಅಳುವುದಕ್ಕೂ ಪುರುಸೊತ್ತಿರಲಿಲ್ಲ. ಅತ್ತರೆ ಬೆರಳು ಅಲುಗುತ್ತದೆ.

ಫೈಲಿನ ಕೊನೆಯ ಕಡೆಗೆ ಸರಿದಳು. ಅಲ್ಲಿ, ಮೂರು ಗಂಟೆ ಐವತ್ತೆಂಟು ನಿಮಿಷಕ್ಕೆ, ಮೂರು ಸೂಜಿಗಳು ಒಟ್ಟಿಗೆ ನಿಂತಿದ್ದವು.

ಮೂರು ಚಪ್ಪಾಳೆ. ಆರು ವರ್ಷದಲ್ಲಿ ಒಮ್ಮೆಯೂ ಇಲ್ಲದ್ದು. ಇದಕ್ಕೆ ಇಬ್ಬರ ನಡುವೆ ಅರ್ಥವೇ ಗೊತ್ತುಮಾಡಿರಲಿಲ್ಲ.

ಅದಕ್ಕೂ ಎರಡು ನಿಮಿಷ ಹಿಂದಿನಿಂದ ಕೇಳತೊಡಗಿದಳು.

ಅತ್ತಿಗೆಯ ದನಿ, ತಣ್ಣಗೆ, ಸಮುದ್ರದ ಆಮೆಗಳ ಬಗ್ಗೆ ಓದುತ್ತಿತ್ತು. ಬಾಗಿಲು ಕಿರ್ರೆಂದಿತು.

“ರೀ, ತಂದ್ರಾ?”

“ತಂದೆ ಕಣೇ. ಗಾಜು ನಾನೇ ಉಜ್ಜಿದೀನಿ. ಹಾಕ್ಕೊಂಡು ನೋಡು.” ಅಣ್ಣ! ಕನ್ನಡಕದ ಅಂಗಡಿಯಲ್ಲಿ ಕೆಲಸ ಅವನಿಗೆ.

“ಅಬ್ಬಾ, ಅಕ್ಷರ ಎಲ್ಲಾ ಎಷ್ಟು ದಪ್ಪ ಆಗ್ಬಿಟ್ವು! ನಿಮ್ಮ ಮುಖಾನೂ ಸ್ಪಷ್ಟ ಕಾಣ್ತಿದೆ. ಹಳೇ ಕನ್ನಡಕಾನೇ ವಾಸಿ ಇತ್ತು.”

“ಹೂಂ, ಹೇಳು ಹೇಳು. ಸಂಜೆ ಮನೆಗೆ ಬಾ, ಮಾಡ್ತೀನಿ ನಿನಗೆ.”

ಇಬ್ಬರ ನಗು. ಬಾಗಿಲು ಮುಚ್ಚಿದ ಸದ್ದು. ಮೆಟ್ಟಿಲು ಇಳಿಯುವ ಹೆಜ್ಜೆ, ದಡದಡನೆ, ಕೆಳಗೆ, ಇನ್ನೂ ಕೆಳಗೆ, ಕೊನೆಗೆ ಏನೂ ಇಲ್ಲ.

ಅಣ್ಣ ಇಳಿದು ಹೋಗಿದ್ದಾನೆ. ಅತ್ತಿಗೆ ಬದುಕಿದ್ದಾಳೆ, ಮತ್ತೆ ಆಮೆಗಳ ಬಗ್ಗೆ ಓದುತ್ತಿದ್ದಾಳೆ. ಅಪ್ಪ ಅಮ್ಮ ಇಲ್ಲದ ಮನೆಯಲ್ಲಿ ತನ್ನ ಓದು ಬಿಟ್ಟು ತಂಗಿಯನ್ನು ಓದಿಸಿದ ಅಣ್ಣ. ಅವನ ಜೀವ ಈಗ ಈ ಕಂಪ್ಯೂಟರಿನೊಳಗೆ ಬಂದು ಕೂತಿದೆ.

ಆಮೇಲೆ ಓದು ವಾಕ್ಯದ ನಡುವೆಯೇ ಕತ್ತರಿಸಿಹೋಯಿತು. ಬಾಗಿಲ ಗಾಜಿನಾಚೆ ಯಾರನ್ನೋ ಕಂಡಿರಬೇಕು. ಚಟ್, ಚಟ್, ಚಟ್: ಇಲ್ಲಿ ಕೇಳು ಎಂದು ನಾದಿನಿಗೆ ಗುರುತು. ಹಿಂದೆಯೇ ಬಟ್ಟೆ ಸರಸರ ಎಂದಿತು, ಟ್ಯಾಬ್ಲೆಟ್ಟು ಕೌದಿಯ ಹಿಂದೆ ಇಳಿದ ಸದ್ದು. ಅಲ್ಲಿಂದ ಮುಂದಿನ ಮಾತೆಲ್ಲ ಹೊದಿಕೆಯೊಳಗಿನಿಂದ ಬಂದಂತೆ.

“ನೀವು ಬಂದಿದ್ದು ಒಳ್ಳೇದಾಯ್ತು ಸರ್.” ಅತ್ತಿಗೆ. “ನಿನ್ನೆ ಪಕ್ಕದ ಮನೆ ಅಜ್ಜಿಗೆ ಒಂದು ಫೋನ್ ಬಂತು. ನಿಮ್ಮ ಮೊಮ್ಮಗ ಆಸ್ಪತ್ರೆಯಲ್ಲಿದ್ದಾನೆ, ಬೇಗ ಕಾರ್ಡಿನ ನಂಬರ್ ಹೇಳಿ ಅಂತ. ಮಾತಾಡಿದ್ದು ಯಾರು ಗೊತ್ತಾ? ನಾನು. ನನ್ನದೇ ದನಿ ಸರ್. ನಾನು ಆವಾಗ ಆ ಅಜ್ಜಿ ಪಕ್ಕದಲ್ಲೇ ನಿಂತಿದ್ದೆ.”



“ಮೆಲ್ಲಗೆ, ಮೆಲ್ಲಗೆ,” ಎಂದಿತು ಗಂಡಸಿನ ದನಿ.

ಆ ಮಾತು ಈ ಆಫೀಸಿನಲ್ಲಿ ಒಬ್ಬರದೇ. ಬಾಗಿಲು ಜೋರಾಗಿ ಹಾಕಿದರೂ, ಯಾರಾದರೂ ನಕ್ಕರೂ ‘ಮೆಲ್ಲಗೆ, ಮೆಲ್ಲಗೆ’ ಎನ್ನುವ ವ್ಯವಸ್ಥಾಪಕರು. ಹಿಂದಿನಿಂದ ಎಲ್ಲರೂ ಅವರನ್ನು ‘ಮೆಲ್ಲಗೆ ಸರ್’ ಎಂದೇ ಕರೆಯುತ್ತಿದ್ದರು.

“ಮೆಲ್ಲಗೆ ಅಂತೆ! ನಾವು ಪುಕ್ಕಟೆ ಓದಿದ್ದು ಕಣ್ಣಿಲ್ಲದವರಿಗೆ ಅಂತ. ನಮ್ಮ ದನಿ ಎಲ್ಲಾ ತಗೊಂಡು ಹೋಗಿ ಯಾರಿಗೆ ಕೊಟ್ಟಿರಿ?”

“ಅವರ ಹೆಸರು ಎತ್ತಬೇಡಮ್ಮ. ನಿನ್ನ ಕಾಲಿಗೆ ಬೀಳ್ತೀನಿ. ನನಗೇ ಅವರ ಹೆಸರು ಕೇಳಿದ್ರೆ...”

ಅಷ್ಟೇ. ಗಂಟೆ ತುಂಬಿತ್ತು. ಮೊದಲ ಫೈಲು ಅಲ್ಲಿಗೆ ಮುಗಿದಿತ್ತು.

ಎರಡನೇ ಫೈಲಿನ ಹಸಿರು ಪಟ್ಟಿ ನೂರಕ್ಕೆ ನಲವತ್ತೊಂದು ತೋರಿಸುತ್ತಿತ್ತು. ಹೆಬ್ಬೆರಳು ಜೋಮು ಹಿಡಿದು ತನ್ನದಲ್ಲವೇನೋ ಎನ್ನುವಂತಾಗಿತ್ತು.

ಆಗಲೇ ಬಾಗಿಲಲ್ಲಿ ನೆರಳು ಬಿತ್ತು.

“ಊಟಕ್ಕೆ ಹೋಗ್ಲಿಲ್ವಾ ಅಮ್ಮ?”

ಮೆಲ್ಲಗೆ ಸರ್ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದರು. ಅದೇ ಇಸ್ತ್ರಿ ಮಾಡಿದ ಅಂಗಿ, ಅದೇ ಜೇಬಿನ ಎರಡು ಪೆನ್ನು. ಬಲಗೈಯಿಂದ ಇಯರ್‌ಫೋನ್ ಕಿತ್ತು ಮೇಜಿನ ಮೇಲೆ ಹಾಕಿದಳು. ತೊಡೆಯ ಮೇಲಿನ ಟ್ಯಾಬ್ಲೆಟ್ಟಿನ ಮೇಲೆ ದುಪಟ್ಟಾ ಎಳೆದುಕೊಂಡಳು. ಹೆಬ್ಬೆರಳು ಮಾತ್ರ ಅಲುಗಲಿಲ್ಲ.

“ಹಸಿವಿಲ್ಲ ಸರ್.”

“ಹಸಿವು ಎಲ್ಲಿಂದ ಬರುತ್ತೆ ಪಾಪ. ಅತ್ತಿಗೆ ಹೋದ್ಲು. ಅಣ್ಣ ಅಲ್ಲಿ.” ಅವರು ಒಳಗೆ ಬಂದರು. “ರಜ ತಗೋ ಅಂದೆ, ಕೇಳ್ಲಿಲ್ಲ ನೀನು. ಒಂದು ಸಹಿ ಬೇಕಿತ್ತು, ಆಚೆ ಟೇಬಲ್ ಹತ್ರ ಬರ್ತೀಯಾ?”

“ಕಾಲು ಜೋಮು ಹಿಡಿದಿದೆ ಸರ್. ಇಲ್ಲೇ ತಂದುಕೊಡಿ.”

“ಎದ್ದು ನಾಲ್ಕು ಹೆಜ್ಜೆ ನಡೆದ್ರೆ ಸರಿ ಹೋಗುತ್ತೆ.”

“ಎದ್ರೆ ಬಿದ್ದೇ ಹೋಗ್ತೀನಿ.”

ಬಾಯಿಂದ ಜಾರಿದ ಮೇಲೆ ಮಾತಿನ ಭಾರ ತಿಳಿಯಿತು. ಅವರ ಮುಖದಲ್ಲಿ ಏನೋ ಒಂದು ಬಂದು ಹೋಯಿತು. ಅದು ಸಿಟ್ಟಲ್ಲ. ಬೀದಿಯಲ್ಲಿ ನಾಯಿ ಗುರ್ರೆಂದಾಗ ಜನ ಹಾಕುವ ಮುಖ.

ಐವತ್ತೆಂಟು.

“ಐದನೇ ನಂಬರು ಸಿಕ್ತಾ?” ಎಂದರು, ಬಸ್ಸು ಬಂತಾ ಎಂದು ಕೇಳುವ ಹಾಗೆ.

“ಇಲ್ವಲ್ಲ ಸರ್. ಪೊಲೀಸರೇ ಹುಡುಕಿದ್ರಲ್ಲ.”

“ಹುಡುಕಿದ್ರು. ನಾನೂ ಹುಡುಕಿದೆ. ಮೂರು ದಿನ. ಕಪಾಟು, ಕಸದ ಬುಟ್ಟಿ, ಬಾತ್‌ರೂಮಿನ ಮೇಲಿನ ತೊಟ್ಟಿ. ಎಲ್ಲಿಟ್ಟಿದ್ಲಮ್ಮ?”

“ನನಗೆ ಹೇಗೆ ಗೊತ್ತಿರುತ್ತೆ?”

“ನಿನ್ನ ತಲೆಗೂದಲಲ್ಲಿ ಹತ್ತಿ ಸಿಕ್ಕಿಕೊಂಡಿದೆ.” ಮೇಜಿನ ಸುತ್ತ ಬರತೊಡಗಿದರು. “ಕೌದಿಯ ಹತ್ತಿ. ಅಯ್ಯೋ, ಗೋಡೆ! ಗೋಡೆ ಒಂದನ್ನ ನೋಡ್ಲೇ ಇಲ್ಲ ನಾನು.”

ಅರವತ್ತಾರು. ಅರವತ್ತೇಳು.

ಕೂಗಬಹುದಿತ್ತು. ಕೆಳಗೆ ದರ್ಜಿಯ ಮಿಷನ್ ಓಡುತ್ತಿದೆ, ಬಸ್ಸಿನ ಹಾರನ್ನು, ಯಾರಿಗೆ ಕೇಳುತ್ತದೆ? ಎದ್ದು ಓಡಬಹುದಿತ್ತು, ಓಡಿದರೆ ಪಟ್ಟಿ ನಿಲ್ಲುತ್ತದೆ. ಹೆಬ್ಬೆರಳನ್ನು ಇನ್ನೂ ಬಲವಾಗಿ ಒತ್ತಿಕೊಂಡು ಅವಳು ಬಾಯಿಗೆ ಬಂದದ್ದನ್ನು ಕೇಳಿದಳು.

“ನೀವೇ ತಳ್ಳಿದ್ರಾ ಸರ್?”

ಅವರು ನಿಂತರು.

“ನಾನಾ?” ದನಿ ಒಡೆದುಹೋಯಿತು. “ನನ್ನ ಕೈ ನೋಡು. ಸೋಮವಾರದಿಂದ ಹೀಗೇ ನಡುಗ್ತಿದೆ. ಲೋಟ ಹಿಡ್ಕೊಳ್ಳೋಕಾಗಲ್ಲ. ನಾನು ಬೇಡ ಅಂದೆ. ಹೆದರಿಸಿದ್ರೆ ಸಾಕು ಅಂದೆ.”

“ಯಾರಿಗೆ ಬೇಡ ಅಂದ್ರಿ?”

ಎಪ್ಪತ್ತೊಂಬತ್ತು. ಅವರ ಕಣ್ಣು ಅವಳ ಮುಖದಿಂದ ದುಪಟ್ಟಾಕ್ಕೆ, ದುಪಟ್ಟಾದಿಂದ ಕೇಬಲ್ಲಿಗೆ ಇಳಿಯಿತು.

“ಸರ್, ನಿಮಗೂ ಮಕ್ಕಳಿದ್ದಾರೆ. ಒಂದೈದು ನಿಮಿಷ. ಇದನ್ನ ಅಣ್ಣನ ಕೇಸು ನೋಡ್ತಿರೋ ಇನ್ಸ್‌ಪೆಕ್ಟರಮ್ಮನಿಗೆ ಕೊಡೋಣ. ನೀವು ತಳ್ಳಿಲ್ಲ ಅಂದ್ರೆ ಇದ್ರಲ್ಲಿ ಅದೂ ಇರುತ್ತಲ್ಲ? ನಿಮ್ಮನ್ನೂ ಉಳಿಸುತ್ತಲ್ಲ?”

ಒಂದು ಗಳಿಗೆ ಅವರು ಯೋಚಿಸಿದ್ದು ಅವಳಿಗೆ ಕಂಡಿತು. ತುಟಿ ಅಲುಗಿತು. ಎಂಬತ್ತೈದು. ಗೋಡೆಯ ಗಡಿಯಾರ ನೋಡಿದರು, ಎರಡಕ್ಕೆ ಹತ್ತು ನಿಮಿಷ. ಮುಖದ ರಕ್ತ ಇಳಿದುಹೋಯಿತು.

“ಹೊತ್ತು ಮೀರಿತು ಕಣಮ್ಮ,” ಎಂದವರೇ ಬಗ್ಗಿ ಅವಳ ಮಣಿಕಟ್ಟು ಹಿಡಿದರು. ಒರಟಾಗಿ ಅಲ್ಲ, ಮಗುವಿನ ಮುಷ್ಟಿಯಿಂದ ಆಟಿಕೆ ಬಿಡಿಸಿಕೊಳ್ಳುವ ಹಾಗೆ. ಅವಳು ಹಲ್ಲುಕಚ್ಚಿ ಹಿಡಿದಳು. ಜೋಮು ಹಿಡಿದ ಬೆರಳಿಗೆ ಎಷ್ಟು ಬಲ? ಟಣ್ ಎಂದಿತು ಕಂಪ್ಯೂಟರು. ಹಸಿರು ಪಟ್ಟಿ ಮಾಯವಾಯಿತು. ಅರ್ಧ ಬಂದ ಫೈಲನ್ನು ಕಂಪ್ಯೂಟರು ಉಳಿಸಿಕೊಳ್ಳುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಮೆಲ್ಲಗೆ ಸರ್ ಟ್ಯಾಬ್ಲೆಟ್ಟನ್ನು ಅಂಗಿಯೊಳಗೆ ಸೇರಿಸಿ ಗುಂಡಿ ಹಾಕಿಕೊಂಡರು. ಕಂಪ್ಯೂಟರಿನ ಕಡೆ ತಿರುಗಿಯೂ ನೋಡಲಿಲ್ಲ.

“ನೀನು ಏನು ಕೇಳಿದ್ದೀಯೋ ನಾನು ಕೇಳಲ್ಲ,” ಎಂದರು ಬಾಗಿಲಲ್ಲಿ ನಿಂತು. “ಏನು ಉಳಿಸ್ಕೊಂಡಿದ್ದೀಯೋ ಅದೂ ಬೇಡ. ಇವತ್ತು ದನಿಗೆ ಏನು ಬೆಲೆ ಇದೆ ಹೇಳು? ಯಾರ ದನೀನ ಯಾರ ಬಾಯಿಗೆ ಬೇಕಾದ್ರೂ ಇಡಬಹುದು. ಮನೆಗೆ ಹೋಗಮ್ಮ. ಫೋನ್ ಬಂದ್ರೆ ಎತ್ತಬೇಡ.”

ಹೆಜ್ಜೆಗಳು ಮೆಟ್ಟಿಲಿಳಿದವು. ಓಡುವ ಹೆಜ್ಜೆಗಳು.

ಅವಳು ಕೂತಲ್ಲೇ ಕೂತಿದ್ದಳು. ಬದುಕಿದ್ದೇನೆ ಎಂಬ ಅಚ್ಚರಿ. ಕಂಪ್ಯೂಟರನ್ನು ಯಾಕೆ ಮುಟ್ಟಲಿಲ್ಲ? ಮೊದಲನೇ ಫೈಲು ಅಲ್ಲೇ, ಕಣ್ಣೆದುರಿಗೇ ಇತ್ತಲ್ಲ. ಅಣ್ಣನನ್ನು ಬಿಡಿಸಲು ಅಷ್ಟು ಸಾಕು. ಇಷ್ಟು ಸುಲಭಕ್ಕೆ ಬಿಟ್ಟುಹೋದದ್ದೇ ಅವಳಿಗೆ ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸಿತು.

ಪೆನ್‌ಡ್ರೈವ್ ಚುಚ್ಚಿ ಫೈಲನ್ನು ಅದಕ್ಕೆ ಹಾಕಿಕೊಂಡಳು. ಒಂದು ಸಲ ತೆರೆದು ನೋಡಿದಳು: “ರೀ, ತಂದ್ರಾ?” ಎಂದಿತು ಅತ್ತಿಗೆಯ ದನಿ. ಇದೆ. ಪೆನ್‌ಡ್ರೈವನ್ನು ಒಳ ಉಡುಪಿನ ಸಂದಿಗೆ ತುರುಕಿಕೊಂಡಳು. ಗಂಟೆ ಎರಡಾಗಿ ಐದು ನಿಮಿಷ. ಸ್ಟೇಷನ್ನಿಗೆ ಬಸ್ಸಿನಲ್ಲಿ ಇಪ್ಪತ್ತು ನಿಮಿಷ. ನಾಲ್ಕು ಗಂಟೆಗೆ ಇನ್ನೂ ಬೇಕಾದಷ್ಟು ಹೊತ್ತಿದೆ.

ಚೀಲ ಎತ್ತಿಕೊಳ್ಳುವಾಗ ಮೊಬೈಲು ಬಡಿದುಕೊಂಡಿತು. ಎತ್ತಬೇಡ ಎಂದಿದ್ದರು. ಪರದೆಯ ಮೇಲೆ ‘ಇನ್ಸ್‌ಪೆಕ್ಟರಮ್ಮ’ ಎಂದಿತ್ತು. ಎತ್ತಿದಳು.

“ಮೇಡಂ! ನಾನೇ ಹೊರಟಿದ್ದೆ ಮೇಡಂ, ನಿಮ್ಮ ಹತ್ರಾನೇ. ಅಣ್ಣ ಅಲ್ಲ, ಅಣ್ಣ ಮಾಡಿಲ್ಲ, ನನ್ನ ಹತ್ರ ಸಾಕ್ಷಿ ಇದೆ...”

“ನಿಮ್ಮಣ್ಣ ಒಪ್ಪಿಕೊಂಡ್ರು,” ಎಂದಿತು ಆಚೆಯ ದನಿ, ದಣಿದ ದನಿ. “ನ್ಯಾಯಾಧೀಶರು ಬೇಗನೇ ಕೂತಿದ್ರು. ಈಗ ತಾನೇ ಹೇಳಿಕೆಗೆ ಸಹಿ ಹಾಕಿದ್ರು. ಹೆಂಡತೀನ ನಾನೇ ತಳ್ಳಿದೆ ಅಂತ.”

“ಯಾಕೆ? ಸುಳ್ಳು! ಅವನು ಯಾಕೆ...”

“ಯಾಕೆ ಅಂತ ನೀವು ನನ್ನ ಕೇಳ್ತೀರಾ? ನೀವು ಫೋನ್ ಮಾಡಿದ ಮೇಲೆ ತಾನೇ ಅವರು ಒಪ್ಕೊಂಡಿದ್ದು.”

“ನಾನು... ಯಾವ ಫೋನು?”

“ಎರಡಕ್ಕೆ ಹತ್ತು ನಿಮಿಷ ಇದ್ದಾಗ, ಕೋರ್ಟಿನ ಲ್ಯಾಂಡ್‌ಲೈನಿಗೆ. ತಂಗಿ ಅಳ್ತಿದ್ದಾಳೆ ಅಂತ ಕನಿಕರಪಟ್ಟು ನಾನೇ ಫೋನ್ ಕೊಟ್ಟೆ. ಪಕ್ಕದಲ್ಲೇ ನಿಂತು ಕೇಳಿಸ್ಕೊಂಡೆ ಕೂಡ. ‘ಅಣ್ಣಾ, ಅತ್ತಿಗೇನ ನಾನೇ ತಳ್ಳಿಬಿಟ್ಟೆ, ನನ್ನನ್ನ ಕಾಪಾಡು’ ಅಂದ್ರಿ. ಅವರು ಒಂದೇ ಒಂದು ಮಾತು ಹೇಳಿದ್ದು, ‘ನೀನು ಸುಮ್ಮನಿರು ಪುಟ್ಟಿ’ ಅಂತ.”

ಎರಡಕ್ಕೆ ಹತ್ತು ನಿಮಿಷ. ಆ ಹೊತ್ತಿನಲ್ಲಿ ಅವಳ ಮಣಿಕಟ್ಟು ಮೆಲ್ಲಗೆ ಸರ್ ಕೈಯಲ್ಲಿತ್ತು. ಫೋನ್ ಮಾಡಿದವರು ಅವರೂ ಅಲ್ಲ.

ಪ್ರತಿ ಪುಸ್ತಕದ ಆರಂಭದಲ್ಲಿ ಹೆಸರು, ಪುಟ, ಅಧ್ಯಾಯ ಹೇಳುವುದು ಕತ್ತರಿಯದೇ ಕೆಲಸ. ಇನ್ನೂರು ಪುಸ್ತಕ. ಒಂದು ದನಿ ಕಟ್ಟಲು ಅದಕ್ಕಿಂತ ಹೆಚ್ಚು ಯಾರಿಗೆ ಬೇಕು?

“ಮೇಡಂ, ಅದು ನಾನಲ್ಲ.” ಅಳು ಒತ್ತರಿಸಿ ಬಂತು. “ನಿಮ್ಮಾಣೆ ನಾನಲ್ಲ. ಇಲ್ಲಿ ಓದುವವರ ದನಿಗಳನ್ನೆಲ್ಲ ಕದ್ದು ಯಾರಿಗೋ ಕೊಟ್ಟಿದ್ದಾರೆ. ಅವರು ಯಾರ ದನಿ ಬೇಕಾದ್ರೂ ತಯಾರು ಮಾಡ್ತಾರೆ, ಏನು ಬೇಕಾದ್ರೂ ಹೇಳಿಸ್ತಾರೆ. ಗುರುತೇ ಸಿಗಲ್ಲ ಮೇಡಂ, ಪಕ್ಕದಲ್ಲಿದ್ದವರಿಗೂ ಸಿಗಲ್ಲ. ನನ್ನ ಹತ್ರ ಅತ್ತಿಗೆಯ ರೆಕಾರ್ಡಿಂಗ್ ಇದೆ, ಅದ್ರಲ್ಲಿ ಅವಳೇ ಹೇಳಿದ್ದಾಳೆ.”



“ಯಾರ ದನಿ ಬೇಕಾದ್ರೂ ತಯಾರು ಮಾಡ್ತಾರೆ ಅಂತೀರಿ.”

“ಹೌದು ಮೇಡಂ.”

“ಸತ್ತವರದ್ದೂ.”

ಅವಳ ಕೈ ಬಟ್ಟೆಯ ಮೇಲಿಂದಲೇ ಪೆನ್‌ಡ್ರೈವನ್ನು ತಡವಿತು.

“ಹಾಗಾದ್ರೆ ನಿಮ್ಮ ಹತ್ರ ಇರೋ ರೆಕಾರ್ಡಿಂಗನ್ನ ನಾನು ಯಾಕೆ ನಂಬಲಿ?” ಇನ್ಸ್‌ಪೆಕ್ಟರಮ್ಮ ನಿಧಾನವಾಗಿ, ಒಂದೊಂದೇ ಮಾತು ತೂಗಿದಂತೆ ಕೇಳಿದರು. “ಅದಿರಲಿ. ಈಗ ನನ್ನ ಜೊತೆ ಅಳ್ತಾ ಮಾತಾಡ್ತಿರೋದು ನೀವೇ ಅಂತ ಹೇಗೆ ನಂಬಲಿ?”